ಕೆರೆಯ ಕಲ್ಲಿನ ಕೆಳಗಿನ ಅರ್ಧ

ಆ ಮನುಷ್ಯನ ಹೆಸರನ್ನು ನಾನು ಬರೆಯುವುದಿಲ್ಲ. ಅವನೂ ಒಂದು ಕಾಲಕ್ಕೆ ನಮ್ಮ ಹುಡುಗಿಯ ಹೆಸರು ಬರೆಯುವುದಿಲ್ಲ ಅಂದಿದ್ದ. ಬಹುವಚನವನ್ನೂ ಕೊಡುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬರೆದದ್ದರಲ್ಲಿ ತಪ್ಪು ಇದ್ದೀತು. ಆದರೆ ಇದು ತಪ್ಪಿ ಬರೆದದ್ದಲ್ಲ, ಬೇಕಂತಲೇ ಬರೆದದ್ದು. ಓದಿದವರು ತಿದ್ದಲು ಬರಬೇಡಿ.

ಹೋದ ತಿಂಗಳು ಧಾರವಾಡದಲ್ಲಿ ಅವನ ನೂರನೇ ವರ್ಷದ ಸಭೆ ಇತ್ತು. ಅವನು ಸತ್ತು ಬಹಳ ಕಾಲವಾಯಿತು, ನೂರನ್ನು ಮಂದಿ ಸೇರಿ ತುಂಬಿಸಿದರು. ನನ್ನ ನಾದಿನಿ ನೀಲಾಗೆ ಅವನ ಶಿಷ್ಯೆ ಅಂತ ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು. ಅವಳಿಗೆ ಮೊಣಕಾಲು ನೋವು. ಹುಬ್ಬಳ್ಳಿಯಿಂದ ಅವಳ ಜೊತೆಗೆ ಹೋಗಲು ಮನೆಯಲ್ಲಿ ಬೇರೆಯವರು ಇದ್ದರೂ ನಾನೇ ಸೀರೆ ಉಟ್ಟು ಹೊರಟೆ.

“ಆಯಿ, ನಿನಗ್ಯಾಕ ಅಲ್ಲಿ? ಮೂರು ತಾಸು ಭಾಷಣ ಇರತಾವ” ಅಂದಳು ಮೊಮ್ಮಗಳು.

“ಅಂವ ಖರೇನ ಸತ್ತಾನೋ ಇಲ್ಲೋ, ಒಮ್ಮೆ ಖಾತ್ರಿ ಮಾಡ್ಕೊಂಡು ಬರತೇನಿ” ಅಂದೆ.

ಸಭೆಯ ಬಾಗಿಲಲ್ಲಿ ಕಾಲೇಜಿನ ಹುಡುಗರಿಗೆ ಪಡಿಯಚ್ಚು ತೆಗೆಯುವುದನ್ನು ತೋರಿಸುತ್ತಿದ್ದರು. ಅಕ್ಷರ ಕೊರೆದ ಕಲ್ಲಿಗೆ ಹಸಿ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿಬಡಿದು, ಮೇಲೆ ಮಸಿ ಒತ್ತಿದರೆ ಕಪ್ಪು ಹಾಳೆಯಲ್ಲಿ ಅಕ್ಷರ ಬೆಳ್ಳಗೆ ಏಳುತ್ತದೆ. ಆ ಹಸಿ ಕಾಗದದ ವಾಸನೆ, ಮಸಿಯ ವಾಸನೆ ಮೂಗಿಗೆ ಹೊಡೆಯಿತು. ಮೈಯೆಲ್ಲ ಬಿಸಿಯಾಯಿತು. ವಯಸ್ಸಾದವರಿಗೆ ಹಳೆಯ ವಾಸನೆ ಬಂದರೆ ಕಣ್ಣು ತುಂಬುತ್ತದಂತೆ. ನನಗೆ ಹಾಗೇನೂ ಆಗಲಿಲ್ಲ. ಸಿಟ್ಟು ಬಂತು, ಹೊಚ್ಚ ಹೊಸದು.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಮ್ಮದು ಹುಬ್ಬಳ್ಳಿಯಲ್ಲಿ ಹತ್ತಿಯ ದಲಾಲಿ ಅಂಗಡಿ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನೀಲಾ ಎರಡು ಜಡೆಯ ಹುಡುಗಿ, ಅಣ್ಣನ ಹೆಂಡತಿ ಅಂತ ನನ್ನನ್ನು ವೈನಿ ಅನ್ನುವಳು. ಆ ಹೊತ್ತಿಗೆ ಧಾರವಾಡದಲ್ಲಿ ಎಂ.ಎ. ಮುಗಿಸಿ, ಅಲ್ಲಿ ಮಾಸ್ತರನಾಗಿದ್ದ ಅವನ ಕೈಕೆಳಗೆ ಸಂಶೋಧನೆಗೆ ಸೇರಿದ್ದಳು. ಸಂಶೋಧನೆ ಅಂದರೆ ಏನಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಅತ್ತೆ ಅದನ್ನು ದವಾಖಾನೆಯಲ್ಲಿ ಮಾಡುವ ಯಾವುದೋ ತಪಾಸಣೆ ಅಂತ ತಿಳಿದು, “ಹುಡುಗಿಗೆ ಏನೂ ರೋಗ ಇಲ್ಲ, ಬರೇ ಓದತಾಳ” ಅಂತ ಬಂದವರಿಗೆಲ್ಲ ಸಮಜಾಯಿಷಿ ಹೇಳುತ್ತಿದ್ದರು.

ಮಾವನವರು ಒಂದು ದಿನ ಊಟಕ್ಕೆ ಕೂತಾಗ ಮಾತು ಮುಗಿಸಿಬಿಟ್ಟರು. “ನೀಲಾ, ಈ ವರ್ಷ ಅಚ್ಚಿನ್ಯಾಗ ನಿನ್ನ ಹೆಸರ ಬಂತಂದ್ರ ಮುಂದ ಓದು. ನಾ ಅಡ್ಡ ಬರೂದಿಲ್ಲ. ಬರಲಿಲ್ಲಂದ್ರ ದೀಪಾವಳಿ ಆದ ಮ್ಯಾಲೆ ಮದುವಿ. ಗದಗಿನವರು ಕೇಳಾಕತ್ತಾರ.”

ನೀಲಾ “ಹೂಂ” ಅಂದಳು. ಅವಳು ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ಬಾಗಿಲಿಗೆ ಬಂದ ಬೇಡದ ಮಾಲು ಮಾರುವವನಿಗೂ ಹೂಂ.

ಆ ವೈಶಾಖದಲ್ಲಿ ಅವಳು ಹಳ್ಳಿಗಳಿಗೆ ಹೋಗಿ ಹಳೆಯ ಶಾಸನದ ಕಲ್ಲು ಹುಡುಕಬೇಕಿತ್ತು. ಮದುವೆಯಾಗದ ಹುಡುಗಿ ಒಬ್ಬಳೇ ಹೋಗುವಂತಿಲ್ಲ. ಹಾಗಾಗಿ ನನ್ನನ್ನು ಕಾವಲಿಗೆ ಹಚ್ಚಿದರು. ಬೆಳಗಿನ ರೈಲಿಗೆ ಮುಗದದಲ್ಲಿ ಇಳಿದು, ಅಲ್ಲಿಂದ ನಡಿಗೆ. ಬುತ್ತಿ ನನ್ನ ತಲೆಯ ಮೇಲೆ, ಕಾಗದದ ಸುರುಳಿ ಅವಳ ಹೆಗಲ ಮೇಲೆ. ಕಂಡ ಕಂಡ ಗುಡಿಯ ಹಿಂದೆ, ಬಾವಿಯ ದಂಡೆಯಲ್ಲಿ, ದನ ಮೈ ಉಜ್ಜುವ ಕಲ್ಲಿನ ಮುಂದೆ ಅವಳು ಕೂತುಬಿಡುವಳು. ಅಂಗೈಯಿಂದ ಕಲ್ಲನ್ನು ಸವರುವಳು, ಎಳೆಗೂಸಿನ ಬೆನ್ನು ಸವರಿದ ಹಾಗೆ. ಹಳ್ಳಿಯ ಹೆಂಗಸರು ನನ್ನನ್ನು ಬದಿಗೆ ಕರೆದು ಕೇಳುತ್ತಿದ್ದರು: “ಯವ್ವಾ, ಈಕಿಗೆ ಏನಾಗೇತಿ?”

“ಸಾಲಿ ಹೆಚ್ಚಾಗೇತಿ” ಅನ್ನುತ್ತಿದ್ದೆ.

ಅವನು ಒಂದು ದಿನವೂ ಬರಲಿಲ್ಲ. ಅವನಿಗೆ ಬಿಸಿಲು ಆಗುತ್ತಿರಲಿಲ್ಲವಂತೆ.

ಮುಗದದಿಂದಾಚೆ ಒಂದು ಸಣ್ಣ ಹಳ್ಳಿ. ಅಲ್ಲಿಯ ಕೆರೆ ಬತ್ತಿ ಬಿರುಕು ಬಿಟ್ಟಿತ್ತು. ಕೆರೆಯ ಒಳಗೆ, ಏರಿಯ ಬುಡದಲ್ಲಿ ಸೊಂಟದ ಮಟ್ಟ ಹುಗಿದ ಒಂದು ಕಲ್ಲು ನೀಲಾಳ ಕಣ್ಣಿಗೆ ಬಿತ್ತು. ನೀರಿರುವಾಗ ಯಾರಿಗೂ ಕಾಣದ ಕಲ್ಲು ಅದು. ಬಟ್ಟೆ ಒಗೆಯುವವರು ಎಲ್ಲೋ ಕಾಲಿಗೆ ತಾಗಿಸಿಕೊಂಡು ಬೈದಿದ್ದರೇ ಹೊರತು ಓದಿದವರಿಲ್ಲ. ಆ ಬಿಸಿಲಿಗೆ ಹಸಿ ಕಾಗದ ಅಂಟಿಸಿದ ಕೂಡಲೇ ಒಣಗಿ ಸೀಳುತ್ತಿತ್ತು. ನಾನು ಛತ್ರಿ ಹಿಡಿದು ನಿಂತೆ. ಅವಳಿಗಲ್ಲ, ಕಾಗದಕ್ಕೆ. ಅವಳ ಕತ್ತು ಸುಟ್ಟು ಸಿಪ್ಪೆ ಎದ್ದಿತು. ಮಣ್ಣಿನ ಮೇಲಿದ್ದ ಅರ್ಧದ ಅಚ್ಚು ಮಾತ್ರ ಆ ದಿನ ಸಿಕ್ಕಿತು. ಅದರಲ್ಲಿ ರಾಜನ ಹೊಗಳಿಕೆ, ಕಾಲ, ತಿಥಿ.

ಅದನ್ನು ನೋಡಿ ಅವನು ಕುರ್ಚಿಯಿಂದ ಎದ್ದೇಬಿಟ್ಟನಂತೆ. “ತಂಗಿ, ಭಾಳ ದೊಡ್ಡ ಕಲ್ಲವಾ ಇದು. ಮಳಿ ಬೀಳೂದರೊಳಗ ಕೆಳಗಿಂದೂ ತಗೊಂಡು ಬಾ” ಅಂದನಂತೆ.

ಮತ್ತೆ ಹೋದೆವು. ಗುದ್ದಲಿ ಎರವಲು ತಂದು ಇಬ್ಬರೂ ಅಗೆದೆವು. ಅತ್ತೆಗೆ ಗೊತ್ತಾಗಿದ್ದರೆ ನನ್ನನ್ನೇ ಅಲ್ಲಿ ಹೂಳುತ್ತಿದ್ದರು. ಕೆಳಗಿನ ಅರ್ಧದ ಅಚ್ಚು ತೆಗೆದು, ನೆರಳಿನಲ್ಲಿ ಒಣಗಿಸುತ್ತ ನೀಲಾ ಒಂದೊಂದೇ ಅಕ್ಷರ ಬಿಡಿಸಿ ಓದಿದಳು. ಚಾಮಿಯಬ್ಬೆ ಅನ್ನುವ ಹೆಂಗಸು, ಗಂಡ ತೀರಿದ ಮೇಲೆ ತನ್ನ ಪಾಲಿನ ಬಂಗಾರ ಹಾಕಿ ಆ ಕೆರೆ ಕಟ್ಟಿಸಿದ್ದಳು. ಕಟ್ಟಿಸಿದ್ದು ತಾನು ಅಂತ ಹೆಸರು ಕೊರೆಸಿದ್ದಳು. ಕೊನೆಯಲ್ಲಿ ಶಾಪ: ಇದನ್ನು ಅಳಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳವಾಗಿ ಹುಟ್ಟುತ್ತಾನೆ.

“ಎಲ್ಲಾ ಶಾಸನದಾಗೂ ಹಿಂಗ ಇರತೈತಿ ವೈನಿ, ಇದೊಂದು ರೂಢಿ” ಅಂದಳು ನೀಲಾ.

ಚಲೋ ರೂಢಿ ಅನಿಸಿತು ನನಗೆ. ಆ ಹೆಂಗಸು ನಮ್ಮ ಓಣಿಯಲ್ಲಿದ್ದಿದ್ದರೆ ದಿನಾ ಅವಳ ಮನೆಗೆ ಹೋಗುತ್ತಿದ್ದೆ.

ಮರುದಿನ ನೀಲಾ ಪಡಸಾಲೆಯಲ್ಲಿ ಕೂತು ಮುದ್ದಾಗಿ ಏನೋ ಬರೆಯುತ್ತಿದ್ದಳು. ಕೇಳಿದೆ. ಆ ಕಲ್ಲಿನ ಬಗ್ಗೆ ಅವನು ಲೇಖನ ಬರೆದಿದ್ದಾನೆ, ಅಚ್ಚಿಗೆ ಕಳಿಸಲು ಶುದ್ಧ ಪ್ರತಿ ಮಾಡಿಕೊಡು ಅಂದಿದ್ದಾನೆ, ಕೆಳಗಿನ ಅರ್ಧಕ್ಕೆ ಜಾಗ ಬಿಟ್ಟಿದ್ದಾನೆ ಅಂದಳು. ನಾನು ಮೊದಲ ಹಾಳೆ ತೆಗೆದುಕೊಂಡು ಬೆರಳಿಟ್ಟು ಓದಿದೆ. ಮೇಲೆ ಅವನ ಹೆಸರು. ಕೆಳಗೆ ‘ಬೇಸಿಗೆಯಲ್ಲಿ ನಾನು ಈ ಕಲ್ಲನ್ನು ಕಂಡೆನು’ ಅಂತ ಶುರು.

“ಇದರಾಗ ನಿನ್ನ ಹೆಸರ ಎಲ್ಲೈತಿ?”

“ಇಲ್ಲ ವೈನಿ.”

“ಯಾಕ?”

“ಹಂಗ ಇರತೈತಿ. ಗುರುಗಳ ಹೆಸರಿಂದ ಬರತೈತಿ.”

“ಕಲ್ಲು ಕಂಡಾಕಿ ನೀನು. ಓದಿದಾಕಿ ನೀನು. ಅಂವ ಕಂಡೇನಿ ಅಂತ ಬರೆದಿದ್ದನ್ನ ನಿನ್ನ ಕೈಲೇ ಬರಸಾಕತ್ತಾನಲ್ಲ, ನಿನಗ ಸಿಟ್ಟು ಬರೂದಿಲ್ಲೇನು?”

ಅವಳು ಲೇಖನಿಯನ್ನು ಮಸಿಗೆ ಅದ್ದಿದಳು. ಒಂದು ಹನಿ ಹಾಳೆಯ ಮೇಲೆ ಬಿತ್ತು. ಅದು ಮಸಿಯಲ್ಲ, ನೀರು. ನನಗೆ ಅಳುವವರನ್ನು ಸಮಾಧಾನ ಮಾಡಲು ಬರುವುದಿಲ್ಲ. ಎದ್ದು ಹೋಗಿ ಕೆಳಗಿನ ಅರ್ಧದ ಅಚ್ಚನ್ನು ತಂದು, ನನ್ನ ಮದುವೆಯ ಸೀರೆಗಳ ಟ್ರಂಕಿನಲ್ಲಿಟ್ಟು, ಕೀಲಿ ಸೊಂಟಕ್ಕೆ ಸಿಗಿಸಿಕೊಂಡೆ.

ನಮ್ಮ ಯಜಮಾನರು, ಅಂದರೆ ನೀಲಾಳ ಅಣ್ಣ, ಸಂಜೆ ಬಂದು ಎಲ್ಲ ಕೇಳಿ, “ಇಷ್ಟ ಹೌದಿಲ್ಲೋ? ನಾ ಮುಗಿಸಿ ಬರತೇನಿ” ಅಂದರು. ಹತ್ತಿ ಪೇಟೆಯಲ್ಲಿ ವ್ಯಾಪಾರ ಬಾಯಿಂದ ಆಗುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಧಾರಣೆ ಹೇಳುವರು. ಸುತ್ತ ನಿಂತವರಿಗೆ ಏನೂ ತಿಳಿಯದು. ಇವರಿಗೆ ಲೋಕವೆಲ್ಲ ಹಾಗೇ ನಡೆಯುತ್ತದೆ ಅಂತ ನಂಬಿಕೆ. ಧೋತರ ಉಟ್ಟು, ಕೋಟು ಹಾಕಿ, ಪೇಡೆಯ ದೊಡ್ಡ ಪೆಟ್ಟಿಗೆ ಹಿಡಿದು ಅವನ ಮನೆಗೆ ಹೋದರು. ಬಂದಾಗ ಮುಖದಲ್ಲಿ ನಗು.

“ಆತು, ಸವದಾ ಮುಗೀತು. ಲೇಖನದ ಕಡೀಗೆ ಸಣ್ಣ ಅಕ್ಷರದಾಗ ನೀಲಾನ ಉಪಕಾರ ನೆನಸ್ತಾರಂತ. ಇನ್ನೊಂದು ವರ್ಷ ತಮ್ಮ ಹಂತೇಲಿ ಇಟ್ಕೋತಾರಂತ. ಭಾಳ ದೊಡ್ಡ ಮನಷಾ. ಬಾಗಲಾ ತನಕ ಬಂದು ಕಳಿಸಿದರು.”

“ಪೇಡೆ?”

“ಒಳಗ ಕಳಿಸಿದರು.”

“ಒಳಗ ಕೂತು ನೀವಿಬ್ಬರ ಮಾತಾಡಿದ್ದನ್ನ ಕೇಳಿದವರು ಯಾರರೇ ಅದಾರೇನ್ರಿ? ನಾಳೆ ಅಂವ ಆ ಸಣ್ಣ ಅಕ್ಷರಾನೂ ಹಾಕಲಿಲ್ಲಂದ್ರ ಯಾರನ್ನ ಸಾಕ್ಷಿ ಕರೀತೀರಿ, ಪೇಡೇನ?”

ಇವರು ಟವೆಲ್ ಕೊಡವಿ ಮಲಗಿಬಿಟ್ಟರು. ಅವತ್ತು ನನಗೆ ಹೊಳೆಯಿತು. ಪೇಟೆಯಲ್ಲಿ ಟವೆಲ್ಲಿನ ಕೆಳಗೆ ಇಬ್ಬರ ಕೈಗೂ ಒಂದೇ ಬಲ, ನಾಳೆ ಇಬ್ಬರಿಗೂ ಅದೇ ಪೇಟೆ. ಇಲ್ಲಿ ಬಲವೆಲ್ಲ ಅವನ ಕೈಯಲ್ಲಿ, ಟವೆಲ್ಲೂ ಅವನದೇ. ಈ ಟವೆಲ್ಲನ್ನು ತೆಗೆಸಬೇಕು, ಮಾತು ಮಂದಿಯೆದುರು ಆಗಬೇಕು. ತೆಗೆಸುವವಳು ನಾನಲ್ಲ, ಇವರಲ್ಲ, ಅವಳೇ.

ಆಷಾಢ ಬಂತು. ಮಳೆ ಹಿಡಿಯಿತು. ಆ ಕೆರೆಗೆ ನೀರು ಬಂದು ಕಲ್ಲು ಮುಳುಗಿತು ಅಂತ ಮುಗದದಿಂದ ಪೇಟೆಗೆ ಬಂದವರು ಹೇಳಿದರು. ಸಂತೋಷವಾಯಿತು. ಇನ್ನು ಮುಂದಿನ ಬೇಸಿಗೆಯವರೆಗೆ ಲೋಕದಲ್ಲಿ ಆ ಕೆಳಗಿನ ಅರ್ಧ ಇದ್ದದ್ದು ನನ್ನ ಟ್ರಂಕಿನಲ್ಲಿ ಮಾತ್ರ.

ನೀಲಾಗೆ ಕೇಳುವುದನ್ನು ಕಲಿಸತೊಡಗಿದೆ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಯಜಮಾನರ ಕೋಟು ಹಾಕಿಕೊಂಡು, ಮಾವನವರ ಚಾಳೀಸು ಮೂಗಿಗೇರಿಸಿ ತೂಗುಮಂಚದ ಮೇಲೆ ಕೂರುತ್ತಿದ್ದೆ. “ನಾನು ನಿಮ್ಮ ಸರ್. ಕೇಳು.”

“ಸರ್, ನನ್ನ ಹೆಸರು... ಹಾಕಿದ್ರ... ಚಲೋ ಆಗತಿತ್ತೇನೋ ಅಂತ...”

“ಏನೋ ಅಂತ ಅಂದ್ರೇನು? ಹಲ್ಲು ನೋವೈತೇನು? ಮತ್ತೊಮ್ಮೆ ಕೇಳು.”

“ಸರ್, ನನ್ನ ಹೆಸರು ಹಾಕ್ರಿ. ಆಗದಿದ್ರೂ ನಡೀತೈತ್ರಿ.”

“ಆಗದಿದ್ರ ನಡೀತೈತಿ ಅಂದಮ್ಯಾಲೆ ಅಂವ ಯಾಕ ಮಾಡ್ತಾನ ಹುಚ್ಚಿ? ನೀನ ಕೇಳತಿ, ಅಂವ ಬಾಯಿ ತೆಗಿಯೂದರೊಳಗ ನೀನ ಇಳಿಸತಿ. ಮತ್ತ ಕಡೀಗೆ ಹಲ್ಲು ಕಿರೀತಿ. ನಗೂ ಅಂಥಾದ್ದು ಏನೈತಿ?”

ಕಮರಿಪೇಟೆಯ ಒಂದು ಸೀರೆ ಅಂಗಡಿಗೂ ಕರೆದೊಯ್ದೆ. ಬೆಲೆ ಇಳಿಸು ಅಂತ ಕೇಳಿಬಾ, ನಾನು ಹೊರಗೆ ನಿಂತಿರುತ್ತೇನೆ ಅಂದೆ. ಒಳಗೆ ಹೋದವಳು ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಅಂಗಡಿಯವನು ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದಾನೆ, ಇವಳು ಕೇಳಿದ ಬೆಲೆ ಕೊಟ್ಟು, ಇಳಿಸು ಅಂದದ್ದಕ್ಕೆ ಕ್ಷಮೆಯನ್ನೂ ಕೇಳಿದ್ದಾಳೆ. ಅವನು ಕನಿಕರಪಟ್ಟು ನೀರು ತರಿಸಿಕೊಟ್ಟಿದ್ದ. ದಾರಿಯುದ್ದಕ್ಕೂ ಬೈದೆ. ಬೈದು ಸಾಕಾಗಿ ನಕ್ಕೆ. ಅವಳೂ ನಕ್ಕಳು.

ಮರುದಿನದಿಂದ ಒಂದೇ ಪಾಠ. “ಹೇಳೂದನ್ನ ಹೇಳು. ಆಮ್ಯಾಲೆ ಬಾಯಿ ಮುಚ್ಚು. ಅಂವ ಏನರೇ ಅನ್ನೂ ತನಕ ತೆರೀಬ್ಯಾಡ. ಗ್ವಾಡಿ ಮ್ಯಾಲಿನ ಹಲ್ಲಿ ನೋಡ್ಕೋತ ನಿಂದ್ರು.” ತೂಗುಮಂಚ ಕಿರ್ ಕಿರ್ ಅನ್ನುವುದು, ಮಳೆ ಹಂಚಿನ ಮೇಲೆ ಬೀಳುವುದು, ನಾವಿಬ್ಬರೂ ಎದುರು ಬದುರು ಸುಮ್ಮನೆ. ಮೊದಮೊದಲು ಅವಳು ಸೆರಗು ಜಗ್ಗುವಳು, ಕೆಮ್ಮುವಳು. ಒಂದು ದಿನ ಅತ್ತೆ ಎದ್ದು ಬಂದು ನಮ್ಮನ್ನು ನೋಡಿ, “ಏನ ಜಗಳ ಆಡೀರೇನು? ಮಾತ ಬಿಟ್ಟೀರಲ್ಲ?” ಅಂತ ಕೇಳಿದರು. ಇಬ್ಬರೂ ಉತ್ತರ ಕೊಡಲಿಲ್ಲ. ಅತ್ತೆ ಗಾಬರಿಯಾಗಿ ಇಬ್ಬರಿಗೂ ಚಹಾ ಮಾಡಿ ತಂದರು. ಆಗ ನೀಲಾಗೆ ಅರ್ಥವಾಯಿತು ಅಂತ ಕಾಣುತ್ತದೆ. ಮೌನಕ್ಕೆ ಎದುರಿನವರು ಏನಾದರೂ ಕೊಟ್ಟೇ ಕೊಡುತ್ತಾರೆ.

ಆಷಾಢದ ಕೊನೆಗೆ ಅವನಿಂದ ಬುಲಾವು ಬಂತು. ಅಚ್ಚಿನವರು ಕಾಯುತ್ತಿದ್ದಾರೆ, ಕೆಳಗಿನ ಅರ್ಧ ತಾ. ನನ್ನ ಮನಸ್ಸಿನಲ್ಲಿ ಬೇರೆಯೇ ಇತ್ತು. ಅದನ್ನು ಬಚ್ಚಲ ಒಲೆಗೆ ಹಾಕಿ, ಅವನ ಕಣ್ಣೆದುರು ಬೂದಿ ಕೊಡಬೇಕು ಅಂತ. ಬಾಯಿಬಿಟ್ಟು ಹೇಳಿದೆ ಕೂಡ. ನೀಲಾ ಮೊದಲ ಸಲ ನನ್ನ ಮೇಲೆ ಏರಿ ಬಂದಳು.

“ವೈನಿ, ಅದು ನಿನ್ನ ಸಿಟ್ಟಿನ ಸಾಮಾನ ಅಲ್ಲ. ಆ ಚಾಮಿಯಬ್ಬಿದು. ಆಕಿ ಹೆಸರ ಸುಟ್ಟು ನನ್ನ ಹೆಸರ ಏನ ಮಾಡ್ಲಿ? ಕೀಲಿ ನಿನ್ನ ಹಂತೇಲಿ ಇರಲಿ. ಮಾತ ನಾ ಆಡತೇನಿ.”

ಹೂಂ ಅಂದೆ. ಆ ಮನೆಯಲ್ಲಿ ನಾನು ಹೂಂ ಅಂದದ್ದು ಕಡಿಮೆ. ಒಂದು ಮಾತು ಮಾತ್ರ ಸೇರಿಸಿದೆ: “ಒಬ್ಬಾಕಿ ಅಂವನ ಕೋಣ್ಯಾಗ ಹೋಗಿ ಕೇಳಬ್ಯಾಡ. ಚಹಾ ಕುಡಿಯೂ ಹೊತ್ತಿನ್ಯಾಗ ಹೋಗು. ನಾಕು ಮಂದಿ ಇರಲಿ.”

ಶ್ರಾವಣದ ಮೊದಲ ವಾರ, ಜಿಟಿಜಿಟಿ ಮಳೆ. ಅವನ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾನು ಕೂತೆ, ಅದೇ ಛತ್ರಿ ಹಿಡಿದು. ಬಾಗಿಲು ತೆರೆದಿತ್ತು. ಒಳಗೆ ಅವನು, ಇನ್ನಿಬ್ಬರು ಮಾಸ್ತರರು, ಕೈಯಲ್ಲಿ ಚಹಾದ ಕಪ್ಪುಗಳು.

“ಬಾ ತಂಗಿ, ಬಾ. ತಂದಿ?”

“ತಂದಿಲ್ರಿ ಸರ್.”

“ಯಾಕವಾ?”

“ಲೇಖನದಾಗ ನನ್ನ ಹೆಸರ ಇಲ್ರಿ.”

ಅವನು ನಕ್ಕ. “ಕಡೀಗೆ ಹಾಕೇನಲ್ಲವಾ. ನಿಮ್ಮ ಅಣ್ಣಾರ ಜೋಡಿ ಮಾತ ಆಗೇತಿ. ಅವರು ಹೇಳಿಲ್ಲೇನು?”

“ಅಣ್ಣ ಹತ್ತಿ ಮಾರತಾನ್ರಿ ಸರ್. ಶಾಸನ ನಂದು.”

ಬೆಂಚಿನ ಮೇಲೆ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಇದನ್ನು ನಾನು ಕಲಿಸಿರಲಿಲ್ಲ.

“ಕಲ್ಲು ಕಂಡಾಕಿ ನಾನು, ಅಚ್ಚು ತೆಗೆದಾಕಿ ನಾನು, ಓದಿದಾಕಿ ನಾನು. ನನ್ನ ಹೆಸರ ಮೊದಲ ಬರಬೇಕು. ನಿಮ್ಮದು ಆಮ್ಯಾಲೆ. ಹಂಗ ಹಾಕಿದ್ರ ಕೆಳಗಿನ ಅರ್ಧಾ ಕೊಡತೇನಿ.”

ಆಮೇಲೆ ಅವಳು ಬಾಯಿ ಮುಚ್ಚಿದಳು.

ಚಹಾ ಹೀರುವ ಸದ್ದು ನಿಂತಿತು. ಮಾಳಿಗೆಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಬಾಗಿಲ ಸಂದಿಯಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಕೈ ಸೆರಗಿನತ್ತ ಹೊರಟಿತು. ಮುಟ್ಟಬೇಡ ಹುಡುಗಿ, ಮುಟ್ಟಬೇಡ ಅಂದುಕೊಂಡೆ. ಕೈ ಅರ್ಧಕ್ಕೆ ನಿಂತಿತು, ಕೆಳಗಿಳಿಯಿತು. ಅವನು ಕೆಮ್ಮಿದ. ಕನ್ನಡಕ ಒರೆಸಿದ. “ನಾ ನಿನಗ ಮಗಳಂತ ತಿಳದಿದ್ದೆ” ಅಂದ. ಅವಳು ಸುಮ್ಮನೆ. “ಗುರು ಶಿಷ್ಯರೊಳಗ ಇಂಥಾ ಲೆಕ್ಕ ಇರಬಾರದು” ಅಂದ. ಸುಮ್ಮನೆ. “ನಿನ್ನ ಪದವಿ ಕಾಗದಕ್ಕ ಸಹಿ ಹಾಕಾವ ನಾನ, ನೆನಪಿರಲಿ” ಅಂದ. ಅದಕ್ಕೂ ಸುಮ್ಮನೆ.

ಆಗ ಕೂತಿದ್ದವರಲ್ಲಿ ವಯಸ್ಸಾದ ಮಾಸ್ತರರೊಬ್ಬರು ಕಪ್ಪು ಕೆಳಗಿಟ್ಟು, ಯಾವ ದುರುದ್ದೇಶವೂ ಇಲ್ಲದೆ ಕೇಳಿದರು: “ಅಲ್ರಿ, ಆ ಊರಿಗೆ ನೀವು ಯಾವಾಗ ಹೋಗಿದ್ರಿ? ಕೆರಿ ಹೆಂಗೈತಿ?”

“ಹೋಗಬೇಕಂತ... ಬಿಸಲ ಭಾಳ ಇತ್ತು” ಅಂದ.

ಆ ಇಬ್ಬರೂ ಮಾಸ್ತರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಕಿವಿಗಳು ಕೆಂಪಾದವು. ಅದನ್ನು ನೋಡಲೆಂದೇ ನಾನು ಬೆಂಚಿನಿಂದ ಎದ್ದು ಬಾಗಿಲಲ್ಲಿ ನಿಂತೆ. ಅಷ್ಟು ಕೆಂಪು ಕಿವಿಯನ್ನು ಮತ್ತೆ ನಾನು ಈ ಜನ್ಮದಲ್ಲಿ ಕಂಡಿಲ್ಲ.

“ಆತು. ನಿನ್ನ ಹೆಸರ ಮೊದಲ ಬರಲಿ” ಅಂದ.

“ಇವರಿಬ್ಬರ ಮುಂದ ಹೇಳೀರಿ ಸರ್. ಉಪಕಾರ ಆತ್ರಿ” ಅಂದಳು ನೀಲಾ.

ಹೊರಗೆ ಬಂದವಳು ನನ್ನ ಛತ್ರಿಯ ಕೋಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಕಡೀಗೆ ನಕ್ಕಿ ಏನು?” ಅಂತ ಕೇಳಿದೆ.

“ಇಲ್ಲ ವೈನಿ.”

“ನಡಿ ಹಂಗಾರ.”

ಎರಡು ಹೆಸರಿನಿಂದಲೇ ಲೇಖನ ಬಂತು, ಅವಳದು ಮೊದಲು. ಮಾವನವರು ಆ ಪುಸ್ತಕವನ್ನು ಅಂಗಡಿಗೆ ಒಯ್ದು, ಓದಲು ಬರದ ಹಮಾಲರಿಗೂ ತೋರಿಸಿದರು. ಗದಗಿನವರಿಗೆ ಇಲ್ಲ ಅಂತ ಹೇಳಿ ಕಳಿಸಿದರು. ಅವನೂ ಸುಮ್ಮನೆ ಕೂರಲಿಲ್ಲ. ಅವಳ ಕಾಗದಗಳನ್ನು ಮೇಜಿನ ಮೇಲೆ ಕೊಳೆಸಿದ, ತಪ್ಪಿಲ್ಲದ ಕಡೆ ತಪ್ಪು ತೆಗೆದ. ಪ್ರತಿ ಸಲವೂ ನೀಲಾ ಚಹಾದ ಹೊತ್ತಿಗೇ ಹೋಗಿ, ಎಲ್ಲರೆದುರು ಕೇಳಿ, ಬಾಯಿ ಮುಚ್ಚಿ ನಿಂತು, ತನಗೆ ಬೇಕಾದ್ದನ್ನು ತಂದಳು. ಆಮೇಲೆ ನಾನು ಜೊತೆಗೆ ಹೋಗಬೇಕಾಗಿ ಬರಲಿಲ್ಲ. ಅದೊಂದು ಬೇಸರ ನನಗಿತ್ತು. ಅವನು ಅವಳಿಗೆ ಹೆಸರು ಕೊಟ್ಟ, ನಿಜ. ತಪ್ಪಾಯಿತು ಅನ್ನಲಿಲ್ಲ. ನೀಲಾ ಅದನ್ನು ಬಿಟ್ಟುಕೊಟ್ಟಳು. ನಾನು ಬಿಟ್ಟುಕೊಟ್ಟಿರಲಿಲ್ಲ.

ಸಭೆಯ ಮಾತಿಗೆ ಬರುತ್ತೇನೆ. ಭಾಷಣಕ್ಕೆ ನಿಂತವನು ಎಳೆಯ ವಯಸ್ಸಿನ ಮಾಸ್ತರ. “ಉರಿಬಿಸಿಲಿನಲ್ಲಿ ಹಳ್ಳಿ ಹಳ್ಳಿ ಅಲೆದು, ಬತ್ತಿದ ಕೆರೆಯ ಒಡಲಿನಿಂದ ಚಾಮಿಯಬ್ಬೆಯ ಶಾಸನವನ್ನು ನಾಡಿಗೆ ಕೊಟ್ಟವರು ನಮ್ಮ ಗುರುಗಳು” ಅಂದ. ಮಂದಿ ಚಪ್ಪಾಳೆ ತಟ್ಟಿದರು. ನಾನು ಕೋಲೂರಿ ಏಳಲು ಹೊರಟೆ. ವೇದಿಕೆಯ ಮೇಲಿಂದ ನೀಲಾ ನನ್ನನ್ನು ನೋಡಿ, ಕೂಡ್ರು ಅಂತ ಕೈ ಮಾಡಿದಳು. ತಾನು ಎದ್ದಳು. ಮೊಣಕಾಲು ಹಿಡಿದುಕೊಂಡು ಮೈಕಿನ ತನಕ ಬಂದಳು.

“ಆ ಕಲ್ಲು ಹುಡುಕಿದ್ದು ನಾನು. ಓದಿದ್ದೂ ನಾನು. ಸರ್ ಆ ಊರಿಗೆ ಹೋಗಿರಲಿಲ್ಲ. ಬಿಸಿಲಲ್ಲಿ ಛತ್ರಿ ಹಿಡಿದು ನಿಂತವರು ನಮ್ಮ ವೈನಿ, ಅಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಾರೆ.”

ಅಷ್ಟು ಹೇಳಿ ಬಾಯಿ ಮುಚ್ಚಿದಳು. ನಗಲಿಲ್ಲ. ಆಗದಿದ್ದರೂ ನಡೆಯುತ್ತದೆ ಅನ್ನಲಿಲ್ಲ. ಅವನ ಮಗ ಹಾರ ಹಾಕಿದ ಫೋಟೋದ ಪಕ್ಕದಲ್ಲಿ ಕೂತು ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಆ ಕೆಂಪು ಕಿವಿಗಳು ಮನೆತನದವು. ನೋಡಿದ ಕೂಡಲೇ ಗುರುತು ಹಿಡಿದೆ.

ಹೊರಗೆ ಬರುವಾಗ ಬಾಗಿಲಲ್ಲಿ ಅವನ ಹೆಸರಿನಲ್ಲಿ ಪೇಡೆ ಹಂಚುತ್ತಿದ್ದರು. ಡಾಕ್ಟರು ನನಗೆ ಸಿಹಿ ಬಿಡಿಸಿ ವರ್ಷಗಳಾಗಿವೆ.

“ವೈನಿ, ಸಕ್ಕರಿ ಏರತೈತಿ, ಬ್ಯಾಡ” ಅಂದಳು ನೀಲಾ.

“ಇದು ಅವತ್ತ ಒಯ್ದ ನಮ್ಮ ಪೆಟ್ಟಿಗ್ಯಾಗಿಂದು” ಅಂದೆ. ಒಂದು ಅಲ್ಲಿಯೇ ನಿಂತು ತಿಂದೆ. ಇನ್ನೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ, ಮನೆಯಲ್ಲಿ ಕೂತು ನಿಧಾನ ತಿನ್ನಲು.